ಇಂಟರ್‌ವಲ್‌ಗೆ ಹತ್ತು ನಿಮಿಷ

ನೆಲಸಮವಾದ ಚಿತ್ರಮಂದಿರಗಳ ಪ್ರದರ್ಶನಕ್ಕೆ ಹಳೆಯ ಫೋಟೋಗಳನ್ನು ಕಲೆಹಾಕುವ ಕೆಲಸ ನನ್ನದು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಸ್ಕ್ಯಾನರ್, ಕಾಲು ಅಲ್ಲಾಡುವ ಕುರ್ಚಿಗಳು. ಬಂದವರು ನೆನಪು ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಹೆಚ್ಚು ಮಾತಾಡಬೇಕಾಗಿಲ್ಲ ಎಂದೇ ಒಪ್ಪಿಕೊಂಡಿದ್ದೆ.

ಆ ಬೆಳಿಗ್ಗೆ ವಯಸ್ಸಾದ ದಂಪತಿ ಬಂದರು. ಮಾರುಕಟ್ಟೆಯ ಹಿಂದಿದ್ದ ಚಿತ್ರಮಂದಿರದಲ್ಲಿ ಅಜ್ಜ ಮೂವತ್ತೊಂದು ವರ್ಷ ಗೇಟ್‌ಕೀಪರ್ ಆಗಿದ್ದರಂತೆ. ಯಾವ ಚಿತ್ರಮಂದಿರ ಎಂದು ತಿಳಿದೊಡನೆ ನನ್ನ ಪೆನ್ನು ನಿಂತಿತು.

ಅಜ್ಜಿ ಬಟ್ಟೆಯ ಚೀಲದಿಂದ ಫೋಟೋಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಚಿತ್ರಮಂದಿರದ ಚಾವಣಿಯ ತುಂಬ ಗಾರೆಯಲ್ಲಿ ಮಾಡಿದ ಕೊಕ್ಕರೆಗಳು, ಒಂದೊಂದೂ ಒಂದೊಂದು ಥರ ಹಾರುತ್ತಿದ್ದವು. ಬಾಲ್ಕನಿಯ ಅಂಚಿಗೆ ಹಿತ್ತಾಳೆಯ ಬಳ್ಳಿ.

"ಇಷ್ಟೆಲ್ಲ ಇದ್ದದ್ದನ್ನ ಕೆಡವಿದ್ದು ಇವರೇ," ಎಂದರು ಅಜ್ಜಿ, ಗಂಡನ ಕಡೆ ಗದ್ದ ತೋರಿಸಿ.

"ಶುರುವಾಯ್ತು ನೋಡಿ, ಇವಳ ಮ್ಯಾಟಿನಿ."

"ಸುಳ್ಳಾ? ಹಳೇ ಕಟ್ಟಡ ಉಳಿಸ್ಬೇಕೋ ಬೇಡ್ವೋ ಅಂತ ಬರ್ಕೊಂಡು ಹೋಗೋಕೆ ಒಬ್ಬ ಹುಡುಗ ಫೈಲ್ ಹಿಡ್ಕೊಂಡು ಬಂದಿದ್ನಂತೆ, ಮಗಾ. ಇವರು ಬಾಗಿಲಲ್ಲೇ ತಡೆದ್ರು. ಕೋಟೆ ಕಾಯೋ ಸೇನಾಪತಿ!"

"ಆಟ ನಡೀತಿತ್ತು ಕಣೇ. ನಡುವೆ ಬಾಗಿಲು ತೆಗೆದ್ರೆ ಪರದೆ ಮೇಲೆ ಬೆಳಕು ಬೀಳತ್ತೆ, ಜನ ಬಾಯಿಗೆ ಬಂದ ಹಾಗೆ ಬಯ್ತಾರೆ. ಇಂಟರ್‌ವಲ್‌ಗೆ ಹತ್ತು ನಿಮಿಷ ಇದೆ, ಹೊರಗಿನ ಬೆಂಚಲ್ಲಿ ಕೂತಿರಿ ಅಂದೆ." ಅಜ್ಜನ ದನಿ ತಗ್ಗಿತು. "ಕೋಪ ಬಂತೇನೋ ಪಾಪ. ದೀಪ ಹಾಕಿದ ಮೇಲೆ ಬಂದು ನೋಡಿದ್ರೆ ಬೆಂಚು ಖಾಲಿ. ಆಗಲೇ ಒಳಗೆ ಬಿಟ್ಟಿದ್ರೆ ಇದನ್ನೆಲ್ಲ ನೋಡಿರೋನು, ಉಳಿಸಿ ಅಂತ ಬರೆದಿರೋನು."

"ಆ ಹತ್ತು ನಿಮಿಷಕ್ಕೆ ಒಂಬತ್ತು ವರ್ಷ ಆಯ್ತು. ಮೊಮ್ಮಕ್ಕಳ ಮುಂದೆ ಕೂಡ ಸಿನಿಮಾ ಸುದ್ದಿ ಎತ್ತಲ್ಲ ಇವರು. ಇವತ್ತು ನಾನೇ ಎಳ್ಕೊಂಡು ಬಂದೆ."

ಪದವಿ ಮುಗಿದ ವರ್ಷ ನನಗೆ ಸಿಕ್ಕಿದ ಮೊದಲ ಕೆಲಸ ಆ ಕಟ್ಟಡಗಳ ಸಮೀಕ್ಷೆ. ದಿನಕ್ಕೆ ಐದು ಕಟ್ಟಡ. ಆ ಬೆಂಚಿನ ಮೇಲೆ ನಾನು ಎರಡು ನಿಮಿಷವೂ ಕೂರಲಿಲ್ಲ. ಎದುರಿನ ಅಂಗಡಿಯಲ್ಲಿ ಸೋಡಾ ಕುಡಿಯುತ್ತ, ಫಾರಂನಲ್ಲಿ 'ಒಳಭಾಗ' ಎಂದಿದ್ದ ಕಡೆ ಹಿಂದಿನ ಕಟ್ಟಡಕ್ಕೆ ಬರೆದಿದ್ದ ಸಾಲನ್ನೇ ನಕಲು ಮಾಡಿದೆ: ವಿಶೇಷವೇನೂ ಕಂಡುಬರಲಿಲ್ಲ. ಆರು ತಿಂಗಳಲ್ಲಿ ಅಲ್ಲಿ ಬಯಲಿತ್ತು. ಬರೆದದ್ದು ಸುಳ್ಳಲ್ಲ, ನನಗೆ ಕಂಡಿರಲಿಲ್ಲ ತಾನೆ ಎಂದು ಎಷ್ಟು ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೋ.

ಈಗಲೂ ಸುಮ್ಮನಿರಬಹುದಿತ್ತು. ಅವರು ಫೋಟೋ ಕೊಟ್ಟು, ನನ್ನ ತಪ್ಪನ್ನು ತಾವೇ ಹೊತ್ತು ಮನೆಗೆ ಹೋಗುತ್ತಿದ್ದರು.

"ಅವನಿಗೆ ಕೋಪ ಬಂದಿರಲಿಲ್ಲ, ಅಜ್ಜ," ಎಂದೆ. "ಆ ಹುಡುಗ ನಾನೇ."

ಅಜ್ಜ ಕನ್ನಡಕ ಏರಿಸಿ ನನ್ನ ಮುಖ ನೋಡಿದರು.

"ಗುರುತು ಸಿಗಲಿಲ್ಲ. ಒಳಗೆ ಬಂದೋರ ಮುಖ ಮಾತ್ರ ನೆನಪಿರತ್ತೆ ನಂಗೆ."

ಬೈಗುಳಕ್ಕಾಗಿ ಕಾದೆ. ಬರಲಿಲ್ಲ.

"ಮತ್ತೆ ಯಾಕಪ್ಪ ಎದ್ದು ಹೋದೆ?"

ಅವರ ಒಂಬತ್ತು ವರ್ಷಕ್ಕೆ ತಕ್ಕಷ್ಟು ದೊಡ್ಡ ಕಾರಣವೊಂದನ್ನು ಹುಡುಕಿದೆ. ಇರಲಿಲ್ಲ.

"ಸೆಖೆ ಇತ್ತು."

ಅಜ್ಜ ಹೆಂಡತಿಯ ಕಡೆ ತಿರುಗಿದರು. "ಕೇಳಿಸ್ತೇನೇ? ಸೆಖೆಯಂತೆ."

ಅಜ್ಜಿ ಗಂಡನ ಮೊಣಕೈಯನ್ನು ಹಿಡಿದುಕೊಂಡರು, ಅಷ್ಟೆ.

"ಒಳಗೆ ತಂಪಾಗಿತ್ತಲ್ಲೋ," ಎಂದರು ಅಜ್ಜ.