ಕಚ್ಚಾ ಹೊಲಿಗೆ

“ಏ ಮುತ್ತಿ, ಸೆರಗ ಯಾಕ ಅಷ್ಟು ಗಟ್ಟಿ ಹಿಡ್ಕೊಂಡಿ? ನಿಮ್ಮಪ್ಪನ ಗಂಟೈತೇನ ಅದರಾಗ? ಬಿಡ, ಕ್ಯಾಮೆರಾಕ್ಕ ಮೈ ಕಾಣ್ಲಿ!”

ಮರೋಳ ಊರಿನ ಹೊರಗಿನ ಹಳೇ ವಾಡೆಯ ಮೆಟ್ಟಿಲ ಮೇಲೆ ಕುರ್ಚಿ ಹಾಕಿಸಿಕೊಂಡಿದ್ದ ವಿಜಯಮಹಾಂತೇಶ ಸಾಹುಕಾರ ನಕ್ಕ. ಸುತ್ತಲಿದ್ದವರೂ ನಕ್ಕರು. ನಗದೆ ಏನು ಮಾಡ್ಯಾರು? ಸಿನಿಮಾಕ್ಕೆ ದುಡ್ಡು ಹಾಕಿದವನೂ ಅವನೇ, ಜಮೀನ್ದಾರನ ಪಾತ್ರವೂ ಅವನದೇ. ಅದಕ್ಕೆ ಬೇರೆ ವೇಷವೇನೂ ಬೇಕಿರಲಿಲ್ಲ ಬಿಡಿ.

ಪೋಸ್ಟರಿನಲ್ಲಿ ಅವಳ ಹೆಸರು ಸುಶ್ಮಿತಾ. ಇಳಕಲ್ಲಿನ ನೇಕಾರ ಓಣಿಯಲ್ಲಿ ಈಗಲೂ ರಂಗವ್ವನ ಮಗಳು ಮುತ್ತವ್ವ. ಹಿಂದೆ ಇದೇ ಸಾಹುಕಾರ ತನ್ನ ಸೀರೆ ಅಂಗಡಿಯ ಜಾಹೀರಾತಿಗೆ ಅವಳನ್ನು ನಿಲ್ಲಿಸಿದ್ದ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಜಾಹೀರಾತು ಫಲಕದ ಮೇಲೆ ಅವಳ ಮುಖ ಮನೆಯೆತ್ತರ ನಿಂತಿತ್ತು. ಅದನ್ನು ನೋಡಿ ಬೆಂಗಳೂರಿನವರು ಕರೆದರು, ಕರೆದು ಕೆಲಸದಾಕೆ ಮಾಡಿದರು, ನಾಯಕಿಯ ಗೆಳತಿ ಮಾಡಿದರು, ಇಂಟರ್‌ವಲ್ಲಿಗೆ ಮೊದಲೇ ಸಾಯುವ ತಂಗಿ ಮಾಡಿದರು. ‘ನಿನ್ನ ಭಾಷೆ ನಡೆಯೋಲ್ಲಮ್ಮ’ ಎಂದು ಅವಳ ಮಾತನ್ನು ಪ್ರತಿ ಸಲ ಬೇರೆಯವರಿಂದ ಆಡಿಸಿದರು. ಇಷ್ಟು ಸಿನಿಮಾ ಮಾಡಿಯೂ ಅವಳ ದನಿ ಯಾರಿಗೂ ಗೊತ್ತಿರಲಿಲ್ಲ. ‘ಈ ಸಿನಿಮಾದಾಗ ನಿನ್ನ ಮಾತು ನೀನ ಆಡು’ ಎಂದು ಸಾಹುಕಾರ ಹೇಳಿದ್ದಕ್ಕೇ ಅವಳು ಒಪ್ಪಿ ಬಂದಿದ್ದಳು.

ಆವತ್ತಿನ ದೃಶ್ಯದಲ್ಲಿ ಜಮೀನ್ದಾರ ಅವಳ ಸೆರಗಿಗೆ ಕೈ ಹಾಕಬೇಕು. ‘ಬರೇ ಹಿಡಿಯೂದು, ಅಷ್ಟ’ ಎಂದು ಮಾತಾಗಿತ್ತು. ಆದರೆ ಸೀರೆ ಉಡುವಾಗ ಅವಳ ಬೆರಳು ಒಂದು ಕಡೆ ತಡೆದು ನಿಂತಿತು. ಇಳಕಲ್ ಸೀರೆಯ ಒಡಲಿಗೆ ಸೆರಗನ್ನು ಎಳೆಗೆಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಎತ್ತು ಜಗ್ಗಿದರೂ ಅದು ಬಿಡುವುದಿಲ್ಲ. ಇಲ್ಲಿ ಆ ಕೊಂಡಿಗಳನ್ನೆಲ್ಲ ಕತ್ತರಿಸಿ, ಒಂದೇ ಎಳೆತಕ್ಕೆ ಬಿಚ್ಚಿ ಬರುವಂತೆ ಸಿನಿಮಾದ ದರ್ಜಿಯಿಂದ ಕಚ್ಚಾ ಹೊಲಿಗೆ ಹಾಕಿಸಿದ್ದರು. ಗಾಬರಿಯಿಂದ ರವಿಕೆಯ ಹುಕ್ಕುಗಳನ್ನು ಮುಟ್ಟಿದಳು. ಅವೂ ಒಂದೊಂದೇ ನೂಲಿಗೆ ನೇತಾಡುತ್ತಿದ್ದವು. ಅದಕ್ಕೇ ಮುತ್ತವ್ವ ಸೆರಗನ್ನು ಗಟ್ಟಿ ಹಿಡಿದುಕೊಂಡು ಹೊರಗೆ ಬಂದಿದ್ದಳು.

ಗುಂಪಿನ ಪಾತ್ರಕ್ಕೆಂದು ಅವಳ ಓಣಿಯ ಹೆಂಗಸರನ್ನೇ ಟೆಂಪೋದಲ್ಲಿ ತುಂಬಿ ತಂದಿದ್ದರು. ಸೆರಗು ಎಳೆಯುವಾಗ ಬೋರಾಡಿ ಅಳುವುದು ಅವರ ಕೆಲಸ. ಬೇವಿನ ಮರದ ಬುಡಕ್ಕೆ ಕೂತಿದ್ದ ತಾಯಿಯ ಹತ್ತಿರ ಮುತ್ತವ್ವ ಹೋದಳು.

“ಯವ್ವಾ, ಇದನ್ನ ನೋಡ.”

ರಂಗವ್ವ ಬೆರಳಾಡಿಸಿದಳು. “ಇವನ ಹೆಣಾ ಎತ್ತಲಿ! ನಾ ಹಾಕಿದ ಕೊಂಡಿ ಕೊಯ್ದಾನಲ್ಲ ಭಾಡ್ಯಾ! ನಡಿ, ಮನಿಗೆ ಹೋಗೂಣು.”

“ಹೆಂಗ ಹೋಗ್ತಿ? ಅಗಸಿ ಬಾಗಲಕ್ಕ ಕೀಲಿ ಜಡದಾರ.”

ಪಕ್ಕದ ಮನೆಯ ಅಮೀನಬಿ ಕುಪ್ಪಸಕ್ಕೆ ಚುಚ್ಚಿದ್ದ ಸೂಜಿ ಕಿತ್ತಳು. “ಕುಂದ್ರ ಬೇ ಮುತ್ತಿ. ಅಳಬ್ಯಾಡ. ಏ, ನೀವೆಲ್ಲಾ ಅಡ್ಡ ನಿಂದರ್ರಿ.”

ಹೆಂಗಸರು ಸುತ್ತ ನಿಂತರು. ಅಮೀನಬಿ ಜೋಡಿ ದಾರದಲ್ಲಿ ಹುಕ್ಕು ಬಿಗಿದಳು, ಸೆರಗಿನ ಅಂಚಿನಿಂದ ಅಂಚಿಗೆ ಹೊಲಿದಳು, ಕಡೆಗೆ ದಾರವನ್ನು ಹಲ್ಲಿನಿಂದ ಕಡಿದಳು.

“ಆ್ಯಕ್ಷನ್!”

ಸಾಹುಕಾರ ಮೇಲಿನ ಮೆಟ್ಟಿಲಿನಿಂದ, ಕೆಳಗೆ ನಿಂತಿದ್ದ ಅವಳ ಸೆರಗು ಹಿಡಿದು ಜಗ್ಗಿದ. ಬರಲಿಲ್ಲ. ಕಚ್ಚಾ ಹೊಲಿಗೆ ಹಾಕಿದ್ದ ದರ್ಜಿಯ ಕಡೆ ಕಣ್ಣು ಕಿಸಿದು ನೋಡಿ ಎರಡೂ ಕೈ ಹಾಕಿ ಜಗ್ಗಿದ. ಆಗ ಮುತ್ತವ್ವ ಸೆರಗನ್ನು ಮುಷ್ಟಿಗೆ ಸುತ್ತಿಕೊಂಡು, ಮೈಭಾರವೆಲ್ಲ ಬಿಟ್ಟು ಹಿಂದಕ್ಕೆ ಎಳೆದಳು. ಸಾಹುಕಾರ ಮುಗ್ಗರಿಸಿ, ಮೆಟ್ಟಿಲಿಳಿದು ಅವಳ ಕಾಲಬುಡಕ್ಕೆ ಬಿದ್ದ. ತುಟಿ ಒಡೆದು ರಕ್ತ ಬಂತು. ಹೆಂಗಸರು ಒಬ್ಬರೂ ಅಳಲಿಲ್ಲ.

“ಪಕ್ಕಾ ಹೊಲಿಗೆ ಐತ್ರಿ ಸಾಹುಕಾರ,” ಎಂದಳು ಮುತ್ತವ್ವ. “ಇನ್ನೊಮ್ಮೆ ಜಗ್ರಿ.”

“ಅದಲ್ಲಮ್ಮ ಡೈಲಾಗು! ಇರಲಿ, ಡಬ್ಬಿಂಗ್‌ನಲ್ಲಿ ಬದಲಾಯಿಸೋಣ,” ಎಂದು ನಿರ್ದೇಶಕ ಒದರಿದ.

ಸಾಹುಕಾರ ತುಟಿ ಒರೆಸಿಕೊಂಡು ಮೇಲೆದ್ದ. ಈಗ ಅವನು ನಗುತ್ತಿರಲಿಲ್ಲ.

“ಕ್ಯಾಮೆರಾ ಬಂದ್ ಮಾಡ್ರಿ. ಈ ಹೆಂಗಸರ ಮೊಬೈಲ್ ಎಲ್ಲಾ ಕಸ್ಕೋರಿ.”

ಕ್ಯಾಮೆರಾದ ಕೆಂಪು ದೀಪ ಆರಿತು. ಅಗಸಿಯ ಕಡೆಯಿಂದ ಅವನ ಆಳುಗಳು ಬರತೊಡಗಿದರು. ರಂಗವ್ವ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು, ಅವಳ ಹಿಂದೆ ಅಮೀನಬಿ, ಅವಳ ಹಿಂದೆ ಉಳಿದವರು. ಒಬ್ಬೊಬ್ಬರೇ ಬಂದು ಮೆಟ್ಟಿಲ ಕೆಳಗೆ ಮುತ್ತವ್ವನ ಸುತ್ತ ನಿಂತರು.

ಮುತ್ತವ್ವ ಸೆರಗನ್ನು ಮುಷ್ಟಿಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.