ಅಂಗಿತೋಳಿನ ಎರಡು ಗೆರೆ

“ಅಂಗಿ ಬೇಕಿದ್ರೆ ಅಂಗಿ ಯಜಮಾನನೇ ಬರಲಿ, ಹೋಗಿ ಹೇಳಪ್ಪ,” ಎಂದು ಚಿಕ್ಕಮ್ಮ ಡ್ರೈವರನ್ನು ಇಸ್ತ್ರಿ ಅಂಗಡಿಯ ಮೆಟ್ಟಿಲಿಂದಲೇ ವಾಪಸು ಕಳಿಸಿದಳು.

ಅವನು ತಲೆ ಕೆರೆದುಕೊಳ್ಳುತ್ತ ಹೋದ. ಅಂಗಿಯ ಯಜಮಾನ ಎಂದರೆ ನಗರಸಭೆಯ ಸದಸ್ಯ. ಸಭೆಗೆ ಬಿಳಿ ಅಂಗಿ ಬಿಟ್ಟು ಬೇರೆ ಹಾಕಿದವನಲ್ಲ, ಇದ್ದಬದ್ದ ಬಿಳಿ ಅಂಗಿಗಳೆಲ್ಲ ಈಗ ಚಿಕ್ಕಮ್ಮನ ಕಪಾಟಿನಲ್ಲಿ ಒತ್ತೆಯಾಗಿದ್ದವು. ಇಡೀ ಬೀದಿಗೇ ಅವಳು ಚಿಕ್ಕಮ್ಮನಾದರೂ ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಅವನಿಗೊಬ್ಬನಿಗೇ. ಅಕ್ಕ ತೀರಿಕೊಂಡಾಗ ಅವಳ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ತನ್ನ ಮಗಳ ಜೊತೆಗೇ ಉಣ್ಣಿಸಿ, ಬೈದು ಬೆಳೆಸಿದವಳು ಅವಳು.

ಅವನು ಚುನಾವಣೆ ಗೆದ್ದ ಸಂಜೆ ಇದೇ ಬೀದಿಯಲ್ಲಿ ಸಂತೋಷಕೂಟ ನಡೆದಿತ್ತು. ಯಾರೋ ಒಬ್ಬ ಖುಷಿ ತಡೆಯಲಾರದೆ ಸೊಂಟದಿಂದ ಪಿಸ್ತೂಲು ತೆಗೆದು ಆಕಾಶಕ್ಕೆ ಹೊಡೆದ. ಆಕಾಶಕ್ಕೆ ಹೊಡೆದದ್ದು ಆಕಾಶದಲ್ಲೇ ಇರುತ್ತದೆಯೇ? ಅಂಗಡಿಯ ಮುಂದೆ ನಿಂತು ಅಣ್ಣನಿಗಾಗಿ ಚಪ್ಪಾಳೆ ತಟ್ಟುತ್ತಿದ್ದ ಮಗಳ ಬಲ ಹೆಗಲಿಗೆ ಗುಂಡು ಇಳಿಯಿತು. ಜೀವ ಉಳಿಯಿತು. ಆದರೆ ಆ ಕೈ ಅಂದಿನಿಂದ ಎದೆಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಹೊಡೆದವನು ಯಾರು ಎಂದು ಪೊಲೀಸರು ಕೇಳಿದಾಗ ಅಷ್ಟು ಜನರಲ್ಲಿ ಒಬ್ಬನೂ ನೋಡಿರಲಿಲ್ಲ. ಗುಂಪಿನಲ್ಲಿ ಗೋವಿಂದ.

ಚಿಕ್ಕಮ್ಮ ಅತ್ತು ಮುಗಿಸಿದ ಮೇಲೆ ಸುಮ್ಮನೆ ಕೂರಲಿಲ್ಲ. ಹೀಗೆ ಗುಂಡಿಗೆ ಗಾಯಗೊಂಡವರ, ಸತ್ತವರ ಮನೆಗಳು ಊರಿನಲ್ಲಿ ಇನ್ನೂ ಇದ್ದವು. ಆ ಮನೆಗಳ ಹೆಂಗಸರೆಲ್ಲ ಇಸ್ತ್ರಿ ಮೇಜಿನ ಸುತ್ತ ಕೂತು, ವಕೀಲರೊಬ್ಬರನ್ನು ಹಿಡಿದು ಒಂದು ನಿಯಮ ಬರೆಸಿದರು. ಮೆರವಣಿಗೆಗಾಗಲಿ ಸಮಾರಂಭಕ್ಕಾಗಲಿ ಬಂದೂಕು ತರುವಂತಿಲ್ಲ. ತಂದರೆ ತಂದವನ ಜೊತೆಗೆ ಸಮಾರಂಭ ನಡೆಸಿದವನೂ ಹೊಣೆ. ನಿಯಮ ಎರಡು ಸಲ ನಗರಸಭೆಗೆ ಬಂತು, ಎರಡು ಸಲವೂ ಧ್ವನಿಮತದಲ್ಲಿ ಬಿತ್ತು. ಅಧ್ಯಕ್ಷರು “ಒಪ್ಪುವವರು ಹೌದು ಅನ್ನಿ” ಎಂದಾಗ ಒಂದು ಗದ್ದಲ, “ಒಪ್ಪದವರು ಇಲ್ಲ ಅನ್ನಿ” ಎಂದಾಗ ಇನ್ನೊಂದು ಗದ್ದಲ. ಯಾರ ಗಂಟಲು ದೊಡ್ಡದು ಎಂಬುದು ಅಧ್ಯಕ್ಷರ ಕಿವಿಗೆ ಬಿಟ್ಟದ್ದು. ಹೊರಗೆ ಬಂದ ಮೇಲೆ ಪ್ರತಿಯೊಬ್ಬ ಸದಸ್ಯನೂ “ನಾನು ಹೌದು ಅಂದೆನಮ್ಮ” ಎಂದು ಕೈಮುಗಿಯುತ್ತಿದ್ದ. ಎಲ್ಲರೂ ಹೌದು ಎಂದ ಮೇಲೆ ಬಿದ್ದದ್ದು ಹೇಗೋ!

ಒಬ್ಬನೇ ಒಬ್ಬ ಸದಸ್ಯ ಎದ್ದು ‘ಕೈ ಎತ್ತಿಸಿ ಎಣಿಸಿ’ ಎಂದು ಕೇಳಿದರೆ ಸಾಕು, ಎಣಿಸಲೇಬೇಕು, ಯಾರು ಯಾವ ಕಡೆ ಎಂದು ಬರೆದು ಬಾಗಿಲಿಗೆ ಅಂಟಿಸಲೇಬೇಕು ಎಂದು ವಕೀಲರು ಹೇಳಿದ್ದರು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಇಂದು ಮಧ್ಯಾಹ್ನ ಮೂರನೆಯ ಸಲ. ಇಂದೂ ಬಿದ್ದರೆ ಈ ಸಭೆಯ ಅವಧಿ ಮುಗಿಯುವ ತನಕ ಮತ್ತೆ ತರುವ ಹಾಗಿಲ್ಲ.

“ಏನ್ ಚಿಕ್ಕಮ್ಮ ಇದು, ನನ್ನ ಅಂಗಿಗಳನ್ನೆಲ್ಲ ಜೈಲಿಗೆ ಹಾಕಿದೀಯಂತೆ?” ನಗುತ್ತಲೇ ಒಳಗೆ ಬಂದ ಸದಸ್ಯ, ಮೇಜಿನ ಹಿಂದೆ ತಂಗಿಯನ್ನು ಕಂಡು ನಗು ಕಡಿಮೆ ಮಾಡಿದ. ಅವಳು ಎಡಗೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು ಅವನದೇ ಅಂಗಿಯ ಮೇಲೆ ಓಡಿಸುತ್ತಿದ್ದಳು. ಬಟ್ಟೆಯ ಅಂಚು ಹಿಡಿಯುವುದಷ್ಟೇ ಬಲಗೈಯ ಕೆಲಸ.

“ದಪ್ಪ ಆಗಿದೀಯ ಅಣ್ಣ,” ಎಂದಳು ಅವಳು. “ನೀನು ಹೇಳದಿದ್ರೂ ಕಾಲರ್ ಹೇಳುತ್ತೆ.”

“ಕೂತ್ಕೋ,” ಎಂದಳು ಚಿಕ್ಕಮ್ಮ. “ಹೋದ ಸಲ ಏನಂದೆ?”

“ಯಾವಾಗ?”

“ಚಿಕ್ಕೋನಿದ್ದಾಗ ಹಲ್ಲುಜ್ಜಿದ್ಯೇನೋ ಅಂದ್ರೂ ಹೀಗೇ ‘ಯಾವಾಗ’ ಅಂತಿದ್ದೆ. ಸಭೇಲಿ ಕಣೋ. ಹೌದು ಅಂದ್ಯಾ, ಇಲ್ಲ ಅಂದ್ಯಾ?”

ಅವನು ಫ್ಯಾನ್ ನೋಡಿದ, ಕಪಾಟು ನೋಡಿದ. ತಪ್ಪಿಸಿಕೊಳ್ಳಲು ಅಲ್ಲಿ ಜಾಗವಿರಲಿಲ್ಲ.

“ಏನೂ ಅನ್ನಲಿಲ್ಲ. ಬಾಯಿ ಆಡಿಸ್ದೆ, ಅಷ್ಟೇ.”

“ಎರಡು ಸಲಾನೂ?”

“ಹ್ಞೂಂ.”

ಇಲ್ಲ ಎಂದು ಕೂಗಿದ್ದರೂ ಚಿಕ್ಕಮ್ಮನಿಗೆ ಇಷ್ಟು ಉರಿಯುತ್ತಿರಲಿಲ್ಲ. ತಾನು ಮಾತು ಕಲಿಸಿದ ಬಾಯಿ ಅದು.

“ಸಿಟ್ಟಾಗಬೇಡ, ಸ್ವಲ್ಪ ಕೇಳು,” ಎಂದ ಅವನು. “ಸಮಾರಂಭ ನಡೆಸಿದವನೂ ಹೊಣೆ ಅಂತ ಬರೆಸಿದೀರಿ. ಅವತ್ತು ನಡೆಸಿದವನು ಯಾರು? ನಾನು. ಈಗ ನಾನೇ ಎದ್ದು ಎಣಿಸಿ ಅಂದ್ರೆ ಎಲ್ಲರೂ ನನ್ನ ಮುಖಾನೇ ನೋಡ್ತಾರೆ.”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ!”

ಮಾತು ಬಾಯಿಂದ ಬಿದ್ದ ಮೇಲೆ ಚಿಕ್ಕಮ್ಮನಿಗೇ ಹೇಗೋ ಆಯಿತು. ಇಬ್ಬರ ಕಣ್ಣೂ ಮೇಜಿನ ಹಿಂದಿನ ಹೆಗಲಿನ ಕಡೆಗೆ ಹೋಗಿಬಿಟ್ಟಿದ್ದವು. ಮಗಳು ಮಾತ್ರ ಇಸ್ತ್ರಿ ನಿಲ್ಲಿಸಲಿಲ್ಲ.

“ನೋಡಲಿ ಬಿಡಣ್ಣ,” ಎಂದಳು. “ನನ್ನ ಹೆಗಲು ನೋಡಿ ನೋಡಿ ಜನಕ್ಕೂ ಸಾಕಾಗಿದೆ. ಸ್ವಲ್ಪ ದಿನ ನಿನ್ನ ಮುಖ ನೋಡಲಿ.”

ಅವನು ಎದ್ದು ಅಂಗಿಗೆ ಕೈಚಾಚಿದ. ಮಗಳು ಅಂಗಿ ಎತ್ತಿ ಹಿಡಿದಳು. ಎಡಗೈ ಇನ್ನೂ ಪಳಗಿರಲಿಲ್ಲ. ಬಲತೋಳಿನ ಮೇಲೆ ಒಂದು ಗೆರೆ ಇರಬೇಕಾದಲ್ಲಿ ಎರಡು ಬಿದ್ದಿದ್ದವು, ಒಂದು ನೆಟ್ಟಗೆ, ಪಕ್ಕದಲ್ಲೇ ಇನ್ನೊಂದು ಸೊಟ್ಟಗೆ. ಮಗಳು ಊಟಕ್ಕೆ ಒಳಗೆ ಹೋದಾಗ ಇಂಥ ಬಟ್ಟೆಗಳನ್ನೆಲ್ಲ ಸದ್ದಿಲ್ಲದೆ ಮತ್ತೆ ಇಸ್ತ್ರಿ ಮಾಡಿಡುವುದು ಚಿಕ್ಕಮ್ಮನ ರೂಢಿ. ಇಂದು ಅಷ್ಟು ಸಮಯವಿರಲಿಲ್ಲ. ಅವಳು ಇಸ್ತ್ರಿಪೆಟ್ಟಿಗೆಗೆ ಕೈಹಾಕಿದಳು.

“ಬೇಡಮ್ಮ. ನಾನು ಮಾಡಿದ್ದನ್ನ ನೀನು ದಿನಾ ಮತ್ತೆ ಉಜ್ಜೋದು ನಂಗೆ ಗೊತ್ತು. ಇದೊಂದು ಹಾಗೇ ಹೋಗಲಿ.”

ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟಳು. ಅವನು ಅಲ್ಲೇ ಅಂಗಿ ತೊಟ್ಟ. ಗುಂಡಿ ಹಾಕಿಕೊಳ್ಳುತ್ತ ಒಮ್ಮೆ ತೋಳು ನೋಡಿಕೊಂಡ.

“ಏನ್ ಮಾಡ್ತೀಯೋ?” ಎಂದಳು ಚಿಕ್ಕಮ್ಮ.

“ಹೊತ್ತಾಯ್ತು ಚಿಕ್ಕಮ್ಮ,” ಎಂದು ಹೊರಟ.

ಸಭಾಂಗಣದ ಮೇಲಿನ ಗ್ಯಾಲರಿಯಲ್ಲಿ ಹೆಂಗಸರು ತಮ್ಮ ತಮ್ಮ ವಾರ್ಡಿನ ಸದಸ್ಯನಿಗೆ ನೇರ ಎದುರಾಗಿ ಕೂತಿದ್ದರು. ಈ ಉಪಾಯ ಚಿಕ್ಕಮ್ಮನದೇ. ಮಾತಾಡುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ ಎಂದು ಗೋಡೆಯ ಮೇಲೆ ಬರೆದಿತ್ತು. ನೋಡುವಂತಿಲ್ಲ ಎಂದು ಬರೆದಿರಲಿಲ್ಲ. ಅವರು ನೋಡುತ್ತಿದ್ದರು. ಕೆಳಗೆ ಸದಸ್ಯರು ಕಾಗದ ತಿರುವಿದರು, ನೀರು ಕುಡಿದರು, ಕುಡಿದು ಖಾಲಿಯಾದ ಲೋಟದಲ್ಲೇ ಮತ್ತೆ ಕುಡಿದರು.

ಅಧ್ಯಕ್ಷರು ನಿಯಮ ಓದಿಸಿದರು. ಒಪ್ಪುವವರು ಎಂದರು, ಗದ್ದಲವಾಯಿತು. ಒಪ್ಪದವರು ಎಂದರು, ಗದ್ದಲವಾಯಿತು. ಚಿಕ್ಕಮ್ಮ ಒಂದೇ ಬಾಯಿಯನ್ನು ನೋಡುತ್ತಿದ್ದಳು. ಅದು ಎರಡು ಸಲವೂ ಅಲುಗಲಿಲ್ಲ. ಮುಗಿಯಿತು, ಎಂದುಕೊಂಡಳು. ಆದರೂ ಕಣ್ಣು ತೆಗೆಯಲಿಲ್ಲ. ಬೆಳೆಸಿದವಳಿಗೆ ಅಷ್ಟು ಬೇಗ ನಂಬಿಕೆ ಸಾಯುವುದಿಲ್ಲ.

“ಇಲ್ಲ ಅನ್ನುವವರೇ ಹೆಚ್ಚು ಅಂತ ನನ್ನ ಅಭಿ...” ಅಧ್ಯಕ್ಷರು ಸುತ್ತಿಗೆ ಎತ್ತಿದರು.

“ಎಣಿಸಿ, ಅಧ್ಯಕ್ಷರೇ.”

ಕುರ್ಚಿ ಹಿಂದಕ್ಕೆ ಸರಿದ ಸದ್ದು ಗ್ಯಾಲರಿಗೂ ಕೇಳಿಸಿತು. ಸದಸ್ಯ ಎದ್ದು ನಿಂತಿದ್ದ.

“ಕೈ ಎತ್ತಿಸಿ ಎಣಿಸಿ. ಆವತ್ತಿನ ಸಂತೋಷಕೂಟ ನನ್ನದು. ಗುಂಡು ಬಿದ್ದದ್ದು ನನ್ನ ತಂಗಿಗೆ. ಹೊಡೆದವನು ಯಾರು ಅಂತ ನಾನು ಇಷ್ಟು ದಿನ ವಿಚಾರಿಸಲೂ ಇಲ್ಲ. ನಾಳೆಯಿಂದ ಅದನ್ನೂ ಮಾಡ್ತೀನಿ. ಈಗ ಎಣಿಸಿ.”

ಸುತ್ತಿಗೆ ಮೆಲ್ಲಗೆ ಕೆಳಗಿಳಿಯಿತು. ಒಪ್ಪುವವರು ಕೈ ಎತ್ತಬೇಕೆಂದು ಅಧ್ಯಕ್ಷರು ಹೇಳಿ ಮುಗಿಸುವ ಮೊದಲೇ ಅವನ ಕೈ ಮೇಲಿತ್ತು. ಮತ್ತೊಂದು ಎದ್ದಿತು. ಹಿಂದಿನ ಸಾಲಿನಲ್ಲಿ, ಸ್ವಲ್ಪ ಮುಂಚೆ ‘ಇಲ್ಲ’ ಎಂದು ಗಂಟಲು ಹರಿದುಕೊಂಡಿದ್ದ ದಪ್ಪ ಮನುಷ್ಯ ಗ್ಯಾಲರಿಯತ್ತ ಒಮ್ಮೆ ನೋಡಿ, ಬೆವರು ಒರೆಸುತ್ತಿದ್ದ ಕೈಯನ್ನು ಹಾಗೇ ಮೇಲಕ್ಕೆ ಕೊಂಡೊಯ್ದ. ಆಮೇಲೆ ಸಾಲುಸಾಲಾಗಿ ಕೈಗಳು. ಗುಮಾಸ್ತ ಎಣಿಸಿದ, ನಂಬಿಕೆಯಾಗದೆ ಮತ್ತೆ ಎಣಿಸಿದ. ಅರ್ಧಕ್ಕಿಂತ ಹೆಚ್ಚು. ನಿಯಮ ಗೆದ್ದಿತು.

ಪಕ್ಕದಲ್ಲಿ ಕೂತ ಯಾರೋ ಚಿಕ್ಕಮ್ಮನ ಮೊಣಕೈ ಹಿಂಡಿದರು. ಅವಳಿಗೆ ಗೊತ್ತಾಗಲಿಲ್ಲ. ಅಧ್ಯಕ್ಷರು ಕೈ ಇಳಿಸಿ ಎಂದಿದ್ದರು, ಎಲ್ಲರೂ ಇಳಿಸಿದ್ದರು.

“ಅಮ್ಮ, ಅಣ್ಣಂಗೆ ಕೈ ಇಳಿಸೋಕೆ ಮರೆತೇ ಹೋಗಿದೆ,” ಎಂದು ಇನ್ನೊಂದು ಪಕ್ಕದಲ್ಲಿ ಕೂತಿದ್ದ ಮಗಳು ಪಿಸುಗುಟ್ಟಿದಳು.

ಇಳಿಸಿರಲಿಲ್ಲ. ದೀಪದ ಬೆಳಕಿನಲ್ಲಿ ಆ ಬಿಳಿ ತೋಳು ಒಂದೇ ಮೇಲೆ ನಿಂತಿತ್ತು, ಹೆಗಲಿನಿಂದ ಮುಂಗೈವರೆಗೂ ಎರಡು ಗೆರೆ, ಒಂದು ನೆಟ್ಟಗೆ, ಒಂದು ಸೊಟ್ಟಗೆ.