ಪುಸ್ತಕದಲ್ಲಿದ್ದಷ್ಟೇ ಓದಿ

ಕಾಲೇಜಿನ ಕನ್ನಡ ಕಪಾಟಿಗೆ ಎಷ್ಟೋ ವರ್ಷಗಳ ಮೇಲೆ ಹೊಸ ಪುಸ್ತಕಗಳು ಬಂದಿದ್ದವು. ಲೈಬ್ರೇರಿಯನ್ ಸೌದಾಮಿನಿ ಒಂದೊಂದನ್ನೂ ಮೂಗಿಗೆ ಹಿಡಿದು ನೋಡಿಯೇ ಮೊಹರು ಒತ್ತಿದಳು. ಕಾಸರಗೋಡಿನಲ್ಲಿ ಕನ್ನಡ ಓದುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಪುಸ್ತಕ ತರಿಸಿ ಎಂದರೆ ಓದುವವರು ಯಾರು ಎಂಬ ಪ್ರಶ್ನೆಯೇ ತಿರುಗಿ ಬರುತ್ತಿತ್ತು. ಈ ಸಲ ಹೇಗೋ ಮಂಜೂರಾಗಿತ್ತು. ಪುಸ್ತಕಗಳ ಜೊತೆಗೆ ಮಕ್ಕಳಿಗೆ ಎರವಲು ಕೊಡಲೆಂದು ಬೇರೆ ಸಾಮಾನುಗಳೂ ಬಂದಿದ್ದವು. ಲ್ಯಾಪ್‌ಟಾಪ್, ಕ್ಯಾಲ್ಕುಲೇಟರ್, ಹೆಡ್‌ಫೋನ್, ಅಂಗೈಯಗಲದ ಒಂದು ವಾಯ್ಸ್ ರೆಕಾರ್ಡರ್. ಲ್ಯಾಪ್‌ಟಾಪಿಗೆ ಮೊದಲ ದಿನವೇ ಸಾಲು ನಿಂತಿತು. ರೆಕಾರ್ಡರನ್ನು ಯಾರೂ ಕೇಳಲಿಲ್ಲ. ಎಲ್ಲರ ಕೈಯಲ್ಲೂ ಫೋನಿರುವಾಗ ಅದು ಯಾರಿಗೆ ಬೇಕು?

ಕೊನೆಗೆ ಅದನ್ನು ಕೇಳಿಕೊಂಡು ಬಂದವಳು ಕನ್ನಡ ಬಿ.ಎ. ಓದುತ್ತಿದ್ದ ತೃಪ್ತಿ. ಜೊತೆಗೆ ಹೊಸ ಪುಸ್ತಕಗಳಲ್ಲಿದ್ದ ದಪ್ಪ ಕಾದಂಬರಿಯೊಂದನ್ನೂ ತೆಗೆದುಕೊಂಡಳು. ಗಾಳಿಗೆ ಸಿಕ್ಕಿ ದಿಕ್ಕು ತಪ್ಪಿದ ಮೀನಿನ ದೋಣಿಯ, ಅದರಲ್ಲಿದ್ದ ಐವರ ಕತೆ ಅದು. ಜಾನಪದದ ಪ್ರಾಜೆಕ್ಟಿಗೆ ರೆಕಾರ್ಡರ್ ಬೇಕು ಎಂದಿದ್ದಳು. ಅವಧಿ ಮುಗಿದರೂ ಎರಡನ್ನೂ ತಂದುಕೊಡಲಿಲ್ಲ. ಸೌದಾಮಿನಿ ಕರೆಸಿ ಕೇಳಿದಾಗ ಹುಡುಗಿ ತಲೆ ತಗ್ಗಿಸಿ ನಿಜ ಹೇಳಿದಳು.

ಅವಳ ಅಣ್ಣ ಪ್ರವೀತ್ ತೆಂಗಿನಕಾಯಿ ಕೀಳುವ ಕೆಲಸದವನು. ಹಿಂದಿನ ವರ್ಷ ಮರದಿಂದ ಬಿದ್ದು, ಕುತ್ತಿಗೆಯ ಎಲುಬು ಮುರಿದು, ಕೈಕಾಲು ಅಲುಗದೆ ಮಲಗಿದ್ದ. ತಂದೆ ಇಲ್ಲ. ತಾಯಿ ಕಿನ್ನಿ ಕುಂಬಳೆ ಹತ್ತಿರದ ಅನಂತಪುರದ ಕೈಗಾರಿಕಾ ವಸಾಹತಿನಲ್ಲಿ ಒಂದು ಕಂಪನಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ತೃಪ್ತಿಯೂ ಕಾಲೇಜಿಗೆ ಹೊರಟರೆ, ಮಧ್ಯಾಹ್ನ ನೆರೆಮನೆಯವರು ಬಂದು ಗಂಜಿ ಕುಡಿಸುವ ತನಕ ಅವನು ಮಾಡಿನ ಹಂಚು ನೋಡುತ್ತ ಒಬ್ಬನೇ. ಅದಕ್ಕೆ ತೃಪ್ತಿ ಸಂಜೆ ಹೊತ್ತು ಕಾದಂಬರಿಯನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಡುತ್ತಿದ್ದಳು. ತಾಯಿ ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಅದನ್ನು ಅವನ ತಲೆದಿಂಬಿನ ಹತ್ತಿರ ಹಾಕಿಟ್ಟು ಹೋಗುತ್ತಿದ್ದಳು. ಎಂಟನೆಯ ತರಗತಿಗೇ ಶಾಲೆ ಬಿಟ್ಟು, ಪುಸ್ತಕ ಕಂಡರೆ ನಗಾಡುತ್ತಿದ್ದವನು ಈಗ ದೋಣಿ ಎಲ್ಲಿಗೆ ಮುಟ್ಟಿತು ಎಂದು ತಂಗಿಯ ದಾರಿ ಕಾಯುತ್ತಿದ್ದ.

"ಈಗ ಪರೀಕ್ಷೆ ಬಂತು ಟೀಚರ್, ಓದ್ಲಿಕ್ಕೆ ನನಗೆ ಪುರುಸೊತ್ತಾಗುದಿಲ್ಲ," ಎಂದಳು ತೃಪ್ತಿ. "ಅವನು ಎಂತ ಸಹ ಹೇಳುದಿಲ್ಲ. ಸುಮ್ಮನೆ ಗೋಡೆ ನೋಡ್ತಾನೆ."

ಸೌದಾಮಿನಿ ಕೈ ಚಾಚಿದಳು. "ಪುಸ್ತಕ, ರೆಕಾರ್ಡರ್ ಎರಡೂ ಇಲ್ಲಿ ಕೊಡು. ನಾನು ಓದ್ತೇನೆ."

ಹೀಗೆ ಅದು ಶುರುವಾಯಿತು. ಬೋವಿಕಾನದ ತನ್ನ ಮನೆಯಲ್ಲಿ ಬೆಳಗಿನ ಕೆಲಸಕ್ಕೆ ಕೈಹಚ್ಚುವ ಮೊದಲು ಅವಳು ಅಡುಗೆಮನೆಯ ಮೇಜಿನ ಮುಂದೆ ಕೂತು ಓದುತ್ತಿದ್ದಳು. ಮೊದಲ ದಿನ ಗಂಡ ಮುರಳೀಕೃಷ್ಣ, ಇವಳು ಯಾರೊಡನೆ ಮಾತಾಡುತ್ತಿದ್ದಾಳೆಂದು ಇಣುಕಿ ನೋಡಿದ. ವಿಷಯ ತಿಳಿದ ಮೇಲೆ ಸದ್ದಾಗದಂತೆ ಫ್ಯಾನ್ ಆರಿಸಿ, ತನ್ನ ಚಹಾ ತಾನೇ ಮಾಡಿಕೊಳ್ಳತೊಡಗಿದ.

ವಾರ ಕಳೆದು ತೃಪ್ತಿ ರೆಕಾರ್ಡರನ್ನು ವಾಪಸು ತಂದಾಗ ಅದರ ಕೊನೆಯಲ್ಲಿ ಒಂದು ಗಂಡು ಸ್ವರವಿತ್ತು. ತಂಗಿ ಅವನ ಬಾಯಿಯ ಹತ್ತಿರ ಹಿಡಿದಿದ್ದಳಂತೆ. ಟೀಚರಿಗೆ ನಮಸ್ಕಾರ ಹೇಳಿ, ಬಲೆಯ ವಿಷಯ ಬರೆದದ್ದು ಸರಿ ಉಂಟು ಎಂದು ಒಪ್ಪಿ, ನೀವು ಓದುವಾಗ ಹಿಂದಿನಿಂದ ಒಂದು ಹುಂಜ ಕೂಗ್ತದೆ, ಅದು ನಿಮ್ಮದಾ ಎಂದು ಕೇಳಿದ್ದ. ಸೌದಾಮಿನಿಗೆ ನಗು ಬಂತು. ಮುಂದಿನ ಅಧ್ಯಾಯ ಓದುವ ಮೊದಲು, ಅದು ಪಕ್ಕದ ಮನೆಯದ್ದು, ಹೊತ್ತುಗೊತ್ತಿಲ್ಲದೆ ಕೂಗುವ ಜಾತಿ ಎಂದು ಉತ್ತರ ಕೊಟ್ಟಳು. ಆಮೇಲೆ ಪ್ರತಿ ಸಲವೂ ಅವನದ್ದೊಂದು ಮಾತು, ಇವಳದ್ದೊಂದು ಉತ್ತರ. ಕುಂಬಳೆಯ ಎತ್ತರದ ತೆಂಗುಗಳ ತುದಿಯಿಂದ ಸಮುದ್ರ ಹೇಗೆ ಕಾಣುತ್ತದೆಂದು ಅವನು ಒಮ್ಮೆ ತುಂಬ ಹೊತ್ತು ಹೇಳಿದ್ದ. ಅವಳು ಅದನ್ನು ಎರಡು ಸಲ ಕೇಳಿದಳು. ಕೇಳಿ ಅಳಿಸಿದಳು. ಹಿಂದಿರುಗಿದ ಸಾಮಾನನ್ನು ಚೊಕ್ಕಮಾಡಿಯೇ ಮತ್ತೆ ಕೊಡುವುದು ಲೈಬ್ರರಿಯ ಕ್ರಮ. ಆ ಕ್ರಮ ಅವಳ ಬೆರಳಿಗೆ ಅಭ್ಯಾಸವಾಗಿ ಹೋಗಿತ್ತು.

ದೋಣಿಯಲ್ಲಿದ್ದ ಐವರಲ್ಲಿ ಪ್ರವೀತನಿಗೆ ಮೆಚ್ಚಾದವನು ಎಲ್ಲರಿಗಿಂತ ಕಿರಿಯವನು. ಅವನು ನನ್ನ ಹಾಗೆ, ಯಾರ ಮಾತೂ ಕೇಳುವವನಲ್ಲ ಎನ್ನುತ್ತಿದ್ದ. ಸೌದಾಮಿನಿ ಪುಸ್ತಕವನ್ನು ಮುಂದಕ್ಕೆ ಓದಿಟ್ಟುಕೊಂಡಿದ್ದಳು. ಕೊನೆಗೆ ಮೂರು ಅಧ್ಯಾಯ ಇರುವಾಗ ಆ ಹುಡುಗ ಬಾಯಾರಿ ಸಾಯುತ್ತಾನೆ, ಉಳಿದವರು ಅವನನ್ನು ನೀರಿಗೆ ಬಿಡುತ್ತಾರೆ.

ಆ ಅಧ್ಯಾಯ ಹತ್ತಿರ ಬರುವ ಹೊತ್ತಿಗೇ ಪ್ರವೀತನಿಗೆ ಜ್ವರ ಹಿಡಿಯಿತು. ಮಲಗಿ ಮಲಗಿ ಬೆನ್ನಿನಲ್ಲಾದ ಹುಣ್ಣು ಆಳಕ್ಕೆ ಹೋಗಿದೆ ಎಂದು ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಹೇಳಿದ್ದಳಂತೆ. ತೃಪ್ತಿ ಇದನ್ನು ಹೇಳಿ ಹೋದ ಮರುದಿನ ಬೆಳಗ್ಗೆ ಸೌದಾಮಿನಿ ಪುಸ್ತಕ ತೆರೆದಳು, ಮುಚ್ಚಿದಳು. ಅದರ ಮಾರನೆಯ ದಿನವೂ ಹಾಗೇ ಆಯಿತು. ಪುಸ್ತಕದಲ್ಲಿ ಪೆನ್ಸಿಲ್ ಗೆರೆ ಕಂಡರೂ ಮಕ್ಕಳನ್ನು ಗದರಿಸುತ್ತಿದ್ದವಳು ಕೊನೆಗೆ ಪುಟದ ಮೇಲೆ ಕಣ್ಣಿಟ್ಟುಕೊಂಡೇ ಅದರಲ್ಲಿಲ್ಲದ್ದನ್ನು ಓದಿದಳು. ದೂರದಲ್ಲಿ ಹಡಗಿನ ಬೆಳಕು ಕಂಡಿತು, ಹಗ್ಗ ಇಳಿಬಿಟ್ಟರು, ಕಿರಿಯವನನ್ನೇ ಮೊದಲು ಮೇಲಕ್ಕೆ ಎಳೆದುಕೊಂಡರು. ನಡುವೆ ಒಂದು ಕಡೆ ಅವಳ ಸ್ವರ ತಡವರಿಸಿತು. ಅದನ್ನು ಹಾಗೇ ಬಿಟ್ಟಳು.

ಉತ್ತರ ಎರಡೇ ದಿನದಲ್ಲಿ ಬಂತು. ಜ್ವರಕ್ಕೆ ಅವನ ಮಾತು ನಿಧಾನವಾಗಿತ್ತು.

"ಟೀಚರೇ, ಅದು ಪುಸ್ತಕದಲ್ಲಿ ಇಲ್ಲ. ನಿಮ್ಮ ಸ್ವರದಲ್ಲೇ ಗೊತ್ತಾಗ್ತದೆ. ಮನೆಗೆ ಬಂದವರೆಲ್ಲ ಹೀಗೇ ಹೇಳುದು, ಸರಿಯಾಗ್ತದೆ, ಎದ್ದು ನಡೀತಿ ಅಂತ. ನೀವಾದರೂ ಪುಸ್ತಕದಲ್ಲಿದ್ದಷ್ಟೇ ಓದಿ."

ಸೌದಾಮಿನಿ ಹಳೆಯ ಪತ್ರಿಕೆಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತಳು. ನಾಚಿಕೆಯೋ ಸಂಕಟವೋ ಅವಳಿಗೇ ತಿಳಿಯಲಿಲ್ಲ. ಮರುದಿನ ಬೆಳಗ್ಗೆ ಆ ಅಧ್ಯಾಯವನ್ನು, ಹುಡುಗನನ್ನು ನೀರಿಗೆ ಬಿಡುವ ತನಕ, ಒಂದು ಅಕ್ಷರ ಆಚೀಚೆ ಮಾಡದೆ ಓದಿದಳು. ಅವನಾಡಿದ ಆ ಮಾತನ್ನು ಅಳಿಸಲು ಮಾತ್ರ ಅವಳಿಗೆ ಕೈ ಬರಲಿಲ್ಲ. ಅದರ ಹಿಂದಕ್ಕೇ ಅಧ್ಯಾಯವನ್ನು ಸೇರಿಸಿ ತೃಪ್ತಿಯ ಕೈಗೆ ಕೊಟ್ಟಳು.

ಆಮೇಲೆ ತೃಪ್ತಿ ಕಾಲೇಜಿಗೆ ಬರಲಿಲ್ಲ. ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಅವಳ ಜೊತೆಯ ಮೋಕ್ಷಿತಾ ಹೇಳಿದಳು. ಹೋಗಿ ನೋಡಬೇಕೆಂದು ಸೌದಾಮಿನಿ ಅಂದುಕೊಳ್ಳುತ್ತಿರುವಾಗಲೇ, ಅವನು ತೀರಿಕೊಂಡನೆಂದೂ ಮಣ್ಣು ಆಗಿಹೋಯಿತೆಂದೂ ಮತ್ತೊಂದು ಸುದ್ದಿ ಬಂತು.

ಸತ್ತವರಿಗೆ ಮಾಡುವ ಬೊಜ್ಜದ ಕ್ರಿಯೆಗಳೆಲ್ಲ ಮುಗಿದ ಮೇಲೆ ತೃಪ್ತಿ ಬಂದು ರೆಕಾರ್ಡರನ್ನು ಕೌಂಟರಿನ ಮೇಲಿಟ್ಟಳು. ಇಟ್ಟವಳು ಹೋಗದೆ ಅಲ್ಲೇ ನಿಂತಳು.

"ಆಸ್ಪತ್ರೆಯಲ್ಲಿ ಅಣ್ಣ ಕೇಳಿದ ಟೀಚರ್, ನೀವು ಓದಿ ಕೊಟ್ಟಿದ್ದೀರಾ ಅಂತ. ನಾನು ವರಾಂಡಕ್ಕೆ ಹೋಗಿ ಮೊದಲು ಕೇಳಿ ನೋಡಿದೆ. ಆ ಹುಡುಗ ಸಾಯುದು... ಅದನ್ನು ಅಣ್ಣನಿಗೆ ಹಾಕ್ಲಿಕ್ಕೆ ನನ್ನಿಂದ ಆಗಲಿಲ್ಲ. ಚಾರ್ಜ್ ಇಲ್ಲ ಅಂತ ಹೇಳಿದೆ." ಅವಳು ಕೌಂಟರಿನ ಅಂಚನ್ನು ಹಿಡಿದುಕೊಂಡಳು. "ಚಾರ್ಜ್ ಇತ್ತು ಟೀಚರ್."

ಸೌದಾಮಿನಿ ಕೌಂಟರಿನಿಂದ ಹೊರಗೆ ಬಂದು ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತು, ಅವನಿಂದ ಅದನ್ನು ಮೊದಲು ಮುಚ್ಚಿಟ್ಟವಳು ನಾನೇ ಎಂದಳು. ಓದುತ್ತಿದ್ದ ಮಕ್ಕಳು ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದರು.

ಆ ಭಾನುವಾರ ಅವಳು ಪುಸ್ತಕ ಮತ್ತು ರೆಕಾರ್ಡರ್ ಹಿಡಿದುಕೊಂಡು ಅನಂತಪುರಕ್ಕೆ ಹೋದಳು. ಬಸ್ಸಿಳಿದು, ಕೆಂಪು ಮುರಕಲ್ಲಿನ ಬಯಲಿನಲ್ಲಿ ಕಂಪನಿಗಳ ಶೆಡ್ಡುಗಳನ್ನು ದಾಟಿ ನಡೆದರೆ ತಗ್ಗಿನಲ್ಲಿ ಮನೆ. ಕಿನ್ನಿ ಒದ್ದೆ ಕೈಯನ್ನು ಸೀರೆಗೆ ಒರೆಸುತ್ತ ಬಂದು ಬರಮಾಡಿಕೊಂಡಳು. ಒಳಗೆ ಬರಿಯ ಮಂಚವಿತ್ತು. ಅದರ ಮೇಲಿದ್ದ ಗಾಳಿಹಾಸಿಗೆ ಪಾಲಿಯೇಟಿವ್‌ನವರದ್ದು, ಬೇರೆ ರೋಗಿಗೆ ಬೇಕೆಂದು ತೆಗೆದುಕೊಂಡು ಹೋಗಿದ್ದರು.

ಸೌದಾಮಿನಿ ರೆಕಾರ್ಡರನ್ನು ಹೊರತೆಗೆದಳು. ಅದನ್ನು ನೋಡಿ ಕಿನ್ನಿ ತನ್ನ ತುಳು ಬೆರೆತ ಕನ್ನಡದಲ್ಲಿ ಕೇಳಿದಳು.

"ಅದರಲ್ಲಿ ಅವನ ಸ್ವರ ಉಂಟಾ ಟೀಚರೇ? ಮಗಳ ಫೋನಿನಲ್ಲಿ ಫೋಟೋ ಉಂಟು. ಸ್ವರ ಇಲ್ಲ."

ಹುಂಜದ ವಿಚಾರ ಕೇಳಿದ್ದು, ಮರದ ತುದಿಯಿಂದ ಕಂಡ ಸಮುದ್ರ, ಬಲೆಯ ಮಾತು, ಎಲ್ಲವನ್ನೂ ಸೌದಾಮಿನಿಯೇ ಅಳಿಸಿದ್ದಳು. ಅದನ್ನು ಮುಚ್ಚಿಡದೆ ಹೇಳಿದಳು. ಕಿನ್ನಿ ಬೈಯಲಿಲ್ಲ. ನಿಮಗೆ ಹೇಗೆ ಗೊತ್ತಾಗಬೇಕು ಎಂದಷ್ಟೇ ಅಂದಳು. ಉಳಿದದ್ದು ಒಂದೇ ಮಾತು ಎಂದು ಸೌದಾಮಿನಿ ರೆಕಾರ್ಡರನ್ನು ಅವಳ ಕೈಯಲ್ಲಿಟ್ಟು ಗುಂಡಿ ಒತ್ತಿದಳು.

ಮಗನ ಸ್ವರ ಬಂತು, ಮುಗಿಯಿತು. ಕಿನ್ನಿ ತಲೆಯೆತ್ತದೆ, "ನಾನು ಸಹ ದಿನಾ ಅದನ್ನೇ ಹೇಳ್ತಿದ್ದೆ, ಎದ್ದು ನಡೀತಿ ಮಗಾ ಅಂತ," ಎಂದಳು. "ಅವನಿಗೆ ಗೊತ್ತಿತ್ತಾ?"

"ಗೊತ್ತಿತ್ತು ಕಿನ್ನಿಯಕ್ಕ," ಎಂದಳು ಸೌದಾಮಿನಿ.

ಆಗ ಕಿನ್ನಿ ಅತ್ತಳು. ಆಸ್ಪತ್ರೆಯಲ್ಲೂ ಬೊಜ್ಜದ ದಿನವೂ ಅವಳು ಅತ್ತಿರಲಿಲ್ಲವೆಂದು ತೃಪ್ತಿ ಮತ್ತೆ ಯಾವಾಗಲೋ ಹೇಳಿದಳು. ಈಗ ಮಾತ್ರ ತೃಪ್ತಿ ತಾಯಿಯ ಬೆನ್ನಿನ ಮೇಲೆ ಕೈಯಿಟ್ಟು ಕೂತಿದ್ದಳು. ಅಳು ತಹಬಂದಿಗೆ ಬಂದ ಮೇಲೆ ಆ ಮಾತನ್ನು ತನ್ನ ಫೋನಿಗೆ ಇಳಿಸಿಕೊಂಡಳು.

ಸೌದಾಮಿನಿ ಹೊರಡಲು ಎದ್ದಾಗ ಕಿನ್ನಿ ತಡೆದಳು. ಅವನು ದಿನಾ ಹೇಳುತ್ತಿದ್ದ ಆ ದೋಣಿ ಕೊನೆಗೆ ಎಂತ ಆಯಿತೆಂದು ಅವಳಿಗೆ ಗೊತ್ತಾಗಬೇಕಿತ್ತು. ಹಾಗೆ ಸೌದಾಮಿನಿ ಮಂಚದ ಅಂಚಿನಲ್ಲಿ ಕೂತು, ಹುಡುಗ ಸತ್ತ ಅಧ್ಯಾಯದಿಂದ ಹಿಡಿದು ಕೊನೆಯ ತನಕ ಓದಿದಳು. ಕಿನ್ನಿಗೆ ತಿಳಿಯದ ಕಡೆ ತೃಪ್ತಿ ತುಳುವಿನಲ್ಲಿ ಬಿಡಿಸಿ ಹೇಳಿದಳು. ಉಳಿದ ನಾಲ್ವರು ದಡ ಸೇರಿದರು. ಊರಿನವರು ಓಡಿಬಂದರು. ಪುಸ್ತಕ ಅಲ್ಲಿಗೆ ಮುಗಿಯಿತು.

"ಆ ಹುಡುಗನ ತಾಯಿ ಎಂತ ಮಾಡಿದಳು?" ಕಿನ್ನಿ ಕೇಳಿದಳು.

ಸೌದಾಮಿನಿ ಕೊನೆಯ ಪುಟವನ್ನು ಇನ್ನೊಮ್ಮೆ ನೋಡಿದಳು. "ಅದನ್ನು ಬರೆದಿಲ್ಲ," ಎಂದಳು.

ಕಿನ್ನಿ ಹೌದೆಂಬಂತೆ ತಲೆಯಾಡಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಚಹಾಕ್ಕೆ ನೀರಿಡಲು ಒಳಗೆ ಹೋದಳು.